ಸಂಬಳಕ್ಕಿಂತ ಮೊದಲು ಷರತ್ತು ಓದಬೇಕು

ಸರ್ಕಾರಿ ಕೆಲಸ ಬಿಟ್ಟು ಖಾಸಗಿಗೆ ಹೊರಟವರನ್ನು ಬಂಧುಬಳಗ ಕೇಳುವ ಮೊದಲ ಪ್ರಶ್ನೆ ‘ಸಂಬಳ ಎಷ್ಟು’ ಎಂಬುದು. ವಕೀಲರ ಮಟ್ಟಿಗೆ ಈ ಪ್ರಶ್ನೆ ಸರಿಯಾದ ಉತ್ತರ ಕೊಡುವುದಿಲ್ಲ. ಭಾರತೀಯ ವಕೀಲರ ಪರಿಷತ್ತಿನ 49ನೇ ನಿಯಮದ ಪ್ರಕಾರ, ವೃತ್ತಿನಿರತ ವಕೀಲ ಯಾರದೇ ಪೂರ್ಣಾವಧಿ ಸಂಬಳದ ನೌಕರನಾಗಿರುವಂತಿಲ್ಲ. ನ್ಯಾಯಾಲಯದಲ್ಲಿ ವಾದಿಸುವ ಸರ್ಕಾರಿ ಅಭಿಯೋಜಕರು ವಕೀಲರಾಗಿಯೇ ಉಳಿಯುತ್ತಾರೆ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ದೀಪಕ್ ಅಗರ್‌ವಾಲ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಖಾಸಗಿ ಕಾನೂನು ಸಂಸ್ಥೆಗಳು ಮಾತ್ರ ಸಾಮಾನ್ಯವಾಗಿ ‘ರೀಟೇನರ್’ ಹೆಸರಿನ ವೃತ್ತಿ ಶುಲ್ಕ ಕೊಡುತ್ತವೆ.

ಹೆಸರಿನ ಈ ವ್ಯತ್ಯಾಸ ಸಣ್ಣದಲ್ಲ. ಶುಲ್ಕದಲ್ಲಿ ಶೇ 10ರಷ್ಟು ತೆರಿಗೆ ಮೂಲದಲ್ಲೇ ಕಡಿತವಾಗುತ್ತದೆ. ಭವಿಷ್ಯ ನಿಧಿ, ಉಪದಾನ, ಗಳಿಕೆ ರಜೆಯ ನಗದೀಕರಣ ಯಾವುದೂ ತಾನಾಗಿ ಬರುವುದಿಲ್ಲ. ತಾಯಿಯ ಚಿಕಿತ್ಸೆಗೆ ಇಲಾಖೆ ಭರಿಸುತ್ತಿದ್ದ ಹಣಕ್ಕೆ ಬದಲಾಗಿ ನಾನೇ ವಿಮೆ ಕೊಳ್ಳಬೇಕು. 2006ರ ಏಪ್ರಿಲ್ 1ರ ನಂತರ ರಾಜ್ಯ ಸೇವೆಗೆ ಸೇರಿದ ನನ್ನಂಥವರು ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯಲ್ಲಿದ್ದೇವೆ. ರಾಜೀನಾಮೆ ಕೊಟ್ಟರೂ ಖಾತೆಯಲ್ಲಿ ಕೂಡಿದ ಹಣ ನಮ್ಮದೇ. ಸರ್ಕಾರದ ವಂತಿಗೆ ಮಾತ್ರ ಅಲ್ಲಿಗೆ ನಿಲ್ಲುತ್ತದೆ. ಹಳೆಯ ಪಿಂಚಣಿಯವರ ಸ್ಥಿತಿ ಇನ್ನೂ ಕಠಿಣ. ಅವರಿಗೆ ರಾಜೀನಾಮೆಯೊಂದಿಗೆ ಹಿಂದಿನ ಸೇವೆಯೇ ಲೆಕ್ಕದಿಂದ ಹೋಗುತ್ತದೆ. ಸ್ವಯಂನಿವೃತ್ತಿಯ ಅರ್ಹತೆ ಬರುವವರೆಗೆ ಕಾಯುವುದು ಅವರಿಗೆ ಲೇಸು.

ಅಭಿಯೋಜಕನಾಗಿ ವರ್ಷಗಳನ್ನು ಕಳೆದ ಮೇಲೆ ಬೆಂಗಳೂರಿನ ಎರಡು ಸಂಸ್ಥೆಗಳಿಂದ ನನಗೆ ಕರೆ ಬಂತು. ದೊಡ್ಡ ಸಂಸ್ಥೆ ಹೆಚ್ಚಿನ ಹಣದ ಜತೆಗೆ ‘ಪಾಲುದಾರ’ ಎಂಬ ಪದವಿಯನ್ನೂ ಮುಂದಿಟ್ಟಿತು. ಕರಡು ಓದಿದರೆ ಲಾಭದಲ್ಲಿ ಪಾಲಿರಲಿಲ್ಲ. ಸಂಸ್ಥೆ ಸಾಮಾನ್ಯ ಪಾಲುದಾರಿಕೆಯಾಗಿದ್ದರೆ, 1932ರ ಪಾಲುದಾರಿಕೆ ಕಾಯ್ದೆಯ 28ನೇ ಸೆಕ್ಷನ್ ಇಲ್ಲಿ ನೆನಪಾಗಬೇಕು. ಪಾಲುದಾರನೆಂದು ಜಗತ್ತಿಗೆ ತೋರಿಸಿಕೊಂಡವನು, ಅದನ್ನು ನಂಬಿ ಸಾಲ ಕೊಟ್ಟವರಿಗೆ ಪಾಲುದಾರನಂತೆಯೇ ಹೊಣೆಯಾಗುತ್ತಾನೆ. ಲಾಭ ಇತರರದು, ಸಾಲದ ಭಯ ನಮ್ಮದು ಎಂಬಂತಾಗಬಾರದು.

ಮಾತುಕತೆಯಲ್ಲಿ ಆ ಸಂಸ್ಥೆಯ ಹಿರಿಯರು ಮತ್ತೆ ಮತ್ತೆ ಕೇಳಿದ್ದು, ನನಗೆ ಯಾವ ಯಾವ ತನಿಖಾಧಿಕಾರಿಗಳ ಪರಿಚಯವಿದೆ ಎಂದು. ನನ್ನ ಪಾಟೀಸವಾಲಿನ ಬಗ್ಗೆ ಒಂದು ಮಾತೂ ಬರಲಿಲ್ಲ. ಚಿಕ್ಕ ಸಂಸ್ಥೆಯವರು ಮೊದಲು ಕೇಳಿದ್ದೇ ಬೇರೆ: ‘ನೀವು ಮುಟ್ಟಬಾರದ ಪ್ರಕರಣಗಳು ಯಾವುವು? ಪಟ್ಟಿ ಕೊಡಿ.’

ಈ ಎರಡು ಪ್ರಶ್ನೆಗಳ ನಡುವಿನ ಅಂತರವನ್ನು ಹಣದಲ್ಲಿ ಅಳೆಯಲಾಗದು. ಪರಿಷತ್ತಿನ 33ನೇ ನಿಯಮದಂತೆ, ಒಬ್ಬರ ಪರ ಸಲಹೆ ಕೊಟ್ಟ ಅಥವಾ ವಾದಿಸಿದ ಪ್ರಕರಣದಲ್ಲಿ ವಕೀಲ ಎದುರಾಳಿಯ ಪರ ನಿಲ್ಲುವಂತಿಲ್ಲ. ಕಕ್ಷಿದಾರನ ಗುಟ್ಟು ಕಾಯುವ ಹೊಣೆ ಕೆಲಸ ಮುಗಿದ ಮೇಲೂ ಮುಂದುವರಿಯುತ್ತದೆ ಎಂದು 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಸೆಕ್ಷನ್ ಹೇಳುತ್ತದೆ. ನನ್ನ ಕಕ್ಷಿದಾರ ಸರ್ಕಾರವಾಗಿತ್ತು, ಅಂದರೆ ಜನ. ಹಳೆಯ ಕಡತದ ನೆನಪನ್ನೇ ಬಂಡವಾಳವೆಂದು ಎಣಿಸುವ ಸಂಸ್ಥೆಗೆ ಆ ನೆನಪು ಮಾಸಿದ ಮೇಲೆ ನಾವೂ ಬೇಡವಾಗುತ್ತೇವೆ.

ಉಳಿದಂತೆ ಲಿಖಿತವಾಗಿ ಕೇಳಲೇಬೇಕಾದ ಕೆಲವು ವಿಷಯಗಳಿವೆ. ತಿಂಗಳಿಗೆ ಎಷ್ಟು ಬಿಲ್ಲಿಂಗ್ ಗಂಟೆ ನಿರೀಕ್ಷಿಸುತ್ತಾರೆ? ಸರ್ಕಾರದಿಂದ ಬಂದವನ ಬಳಿ ಕಕ್ಷಿದಾರರಿರುವುದಿಲ್ಲ. ಅವರನ್ನು ತರಲು ಎಷ್ಟು ವರ್ಷ ಸಮಯ ಕೊಡುತ್ತಾರೆ? ನ್ಯಾಯಾಲಯದಲ್ಲಿ ವಾದಿಸುವವರು ಯಾರು, ನಾನೋ, ಹೊರಗಿನ ಹಿರಿಯ ವಕೀಲರೋ? ಬಿಟ್ಟುಹೋದ ಮೇಲೆ ಬೇರೆಡೆ ವೃತ್ತಿ ಮಾಡಬಾರದೆಂಬ ಷರತ್ತಿದ್ದರೆ ಹೆದರಬೇಕಿಲ್ಲ. 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಮುಂದೆ ಅಂಥ ಷರತ್ತು ಸಾಮಾನ್ಯವಾಗಿ ನಿಲ್ಲದು. ಆದರೂ ಸಹಿಗೆ ಮುನ್ನ ಅದನ್ನು ತೆಗೆಸುವುದೇ ಜಾಣತನ.

ನಾನು ಚಿಕ್ಕ ಸಂಸ್ಥೆಯನ್ನು ಆರಿಸಿಕೊಂಡೆ. ವಿಮೆ ಮತ್ತು ಉಳಿತಾಯ ಕಳೆದರೆ ಕೈಗೆ ಸಿಗುವುದು ಹಳೆಯ ಸಂಬಳಕ್ಕಿಂತ ತುಸು ಹೆಚ್ಚು, ಅಷ್ಟೆ. ಆ ಪಟ್ಟಿ ಮಾತ್ರ ಒಪ್ಪಂದದ ಅನುಬಂಧವಾಗಿ ಸೇರಿದೆ. ಅದರಲ್ಲಿರುವ ಯಾವ ಕಡತವೂ ಈವರೆಗೆ ನನ್ನ ಮೇಜಿಗೆ ಬಂದಿಲ್ಲ.