ಅಂಗಳದ ಡೇರೆಯೂ ಅದನ್ನು ನೋಡಬಂದವರೂ

ಶ್ರಾವಣಮಾಸದಲ್ಲಿ ಶಿರಸಿ, ಸಿದ್ದಾಪುರ, ಸಾಗರಗಳ ಕಡೆಯ ಅಡಕೆ ತೋಟಿಗರ ಮನೆಗೆ ಯಾವ ಕಾರ್ಯನಿಮಿತ್ತ ಹೋದವರೇ ಆಗಲಿ, ತೊಯ್ದ ಕೊಡೆಯನ್ನು ಜಗಲಿಯ ಮೂಲೆಗೊರಗಿಸಿ, ಆಸರಿಗೆ ಕುಡಿದು, ಬಂದ ಮಾತನ್ನು ಮುಗಿಸಿದ ಬಳಿಕ, ಮನೆಯೊಡತಿಯ ಹಿಂದೆ ಮತ್ತೊಮ್ಮೆ ಅಂಗಳಕ್ಕಿಳಿಯದೆ ಹಿಂದಿರುಗುವುದು ದುಸ್ಸಾಧ್ಯವೇ ಸರಿ. ಅಲ್ಲಿ ಮಣ್ಣಿನ ಕುಂಡಗಳಲ್ಲಿಯೂ ಹಳೆಯ ಡಬ್ಬಿ, ಗೊಬ್ಬರದ ಚೀಲಗಳಲ್ಲಿಯೂ ಡೇರೆಯ ಗಿಡಗಳು ಕೋಲಿನ ಆಸರೆಯಲ್ಲಿ ನಿಂತು ಕೆಂಪು, ಬಿಳಿ, ಹಳದಿ, ನೇರಳೆ ಬಣ್ಣಗಳಲ್ಲಿ ಅರಳಿರುತ್ತವೆ. ಇದು ತವರಿನಿಂದ ಬಂದದ್ದು, ಅದು ನಾದಿನಿಯ ಮನೆಯದು, ಆ ಮೂಲೆಯದು ಯಾರದೋ ಮದುವೆಗೆ ಹೋದಲ್ಲಿ ಕೇಳಿ ತಂದದ್ದು ಎಂದು ಆಕೆ ಒಂದೊಂದರ ವಂಶಾವಳಿಯನ್ನೂ ಸವಿಸ್ತಾರವಾಗಿ ನಿರೂಪಿಸುವಳು. ಹೊರಗಿನವರಿಗೆ ಇದು ನಿರುಪದ್ರವಿಯಾದ ಜಂಬವೆಂದು ತೋರಬಹುದು. ಜಂಬವೂ ತಕ್ಕಮಟ್ಟಿಗೆ ಉಂಟು. ಆದರೆ ಹೂವನ್ನು ಹತ್ತು ಮಂದಿಗೆ ತೋರಿಸುವ ಈ ಪದ್ಧತಿಗೆ ಡೇರೆಯ ಸ್ವಭಾವವೇ ಮುಖ್ಯ ಕಾರಣವೆಂದು ನನ್ನ ಎಣಿಕೆ.

ಈ ಗಿಡದ ಮೂಲಸ್ಥಾನ ಮೆಕ್ಸಿಕೋ ದೇಶದ ಎತ್ತರದ ಪ್ರದೇಶಗಳು. ಅಲ್ಲಿಂದ ಸ್ಪೇನಿನ ಮ್ಯಾಡ್ರಿಡ್ ನಗರದ ಉದ್ಯಾನಕ್ಕೆ ಬಂದ ಇದಕ್ಕೆ 1791ರಲ್ಲಿ ಕವನಿಲ್ಲೆಸ್ ಎಂಬ ಸಸ್ಯಶಾಸ್ತ್ರಜ್ಞನು, ಸ್ವೀಡನ್ನಿನ ಆಂಡರ್ಸ್ ದಾಲ್ ಎಂಬಾತನ ಸ್ಮರಣಾರ್ಥವಾಗಿ, ಡೇಲಿಯಾ ಎಂದು ನಾಮಕರಣ ಮಾಡಿದನು. ಸಾಮಾನ್ಯವಾಗಿ ಸಸ್ಯಗಳ ಜೀವಕೋಶದಲ್ಲಿ ವರ್ಣತಂತುಗಳ ಎರಡು ಗಣಗಳಿದ್ದರೆ ತೋಟದ ಡೇರೆಯಲ್ಲಿ ಎಂಟು ಗಣಗಳಿರುವುವು. ಇವು ಬೀಜದಲ್ಲಿ ಹೇಗೆ ಹೇಗೆಯೋ ಬೆರೆಯುವುದರಿಂದ, ಹಾಲುಬಿಳಿಯ ಹೂವಿನ ಬೀಜವನ್ನು ಬಿತ್ತಿದವನಿಗೆ ಹಾಲುಬಿಳಿಯ ಹೂವೇ ದೊರೆತೀತೆಂಬ ಭರವಸೆಯಿಲ್ಲ. ನೂರಾರು ರೂಪಗಳು ಹುಟ್ಟಿದ್ದು ಇದರಿಂದಲೇ, ಅಪ್ಪಟ ನೀಲಿಯೊಂದು ಮಾತ್ರ ಇಂದಿಗೂ ಯಾರಿಗೂ ಒಲಿದಿಲ್ಲ. ಮೆಚ್ಚಿದ ಹೂವನ್ನು ಯಥಾವತ್ತಾಗಿ ಉಳಿಸಿಕೊಳ್ಳಬೇಕಾದರೆ ಅದರ ಗೆಡ್ಡೆಯನ್ನಾಗಲಿ ಹಿಳ್ಳನ್ನಾಗಲಿ ನೆಡುವುದೊಂದೇ ಉಪಾಯ.

ಆ ಗೆಡ್ಡೆಯೋ ಬಹು ಸುಕುಮಾರ. ವರ್ಷಕ್ಕೆ 2,000 ಮಿಲಿಮೀಟರಿಗೂ ಮಿಕ್ಕು ಮಳೆ ಸುರಿಯುವ ಸೀಮೆಯಲ್ಲಿ ಬುಡದಲ್ಲಿ ನೀರು ನಿಂತರೆ ಅದು ಕೊಳೆಯುತ್ತದೆ. ಬೇಸಗೆಯಲ್ಲಿ ವಿಶ್ರಾಂತಿಗೆಂದು ಒಣಮಣ್ಣಿನಲ್ಲಿ ಬಿಟ್ಟರೆ ಹೆಗ್ಗಣ ತಿನ್ನುತ್ತದೆ, ಅತಿಯಾಗಿ ಒಣಗಿದರೆ ಸುಕ್ಕಿ ಸಾಯುತ್ತದೆ. ಒಂದೇ ಅಂಗಳದಲ್ಲಿ ಬಚ್ಚಿಟ್ಟ ಜಾತಿ ಒಂದೇ ಕೆಟ್ಟ ಮಳೆಗಾಲದಲ್ಲಿ ನಿರ್ನಾಮವಾಗುವುದು. ನಾಲ್ಕಾರು ಮನೆಗಳಲ್ಲಿ ಹಂಚಿಹೋದದ್ದು, ಕೊಟ್ಟವಳ ಅಂಗಳದಲ್ಲಿ ಅಳಿದರೂ, ಪಡೆದವಳ ಅಂಗಳದಿಂದ ಮರಳಿ ಬರುವುದು. ನೋಡದ ಹೂವನ್ನು ಯಾರೂ ಕೇಳರು. ಆದ್ದರಿಂದ ಮೊದಲು ತೋರಿಸುವುದು, ಆಮೇಲೆ ಕೊಡುವುದು.

ನೋಡುವುದಕ್ಕೂ ಒಂದು ರೀತಿಯುಂಟು. ಬಲ್ಲವರು ಹೂವಿನ ಗಾತ್ರವನ್ನು ಹೊಗಳಿ ಅಷ್ಟಕ್ಕೇ ನಿಲ್ಲಿಸರು. ಎಲೆಯನ್ನು ಮಗುಚಿ ಹುಳುವಿದೆಯೇ ಎಂದು ಪರೀಕ್ಷಿಸುವರು, ಪಕ್ಕದ ಮೊಗ್ಗುಗಳನ್ನು ಯಾವಾಗ ಚಿವುಟಿದಿರಿ ಎಂದು ವಿಚಾರಿಸುವರು. ಒಂದು ಕಡ್ಡಿಗೆ ಒಂದೇ ಮೊಗ್ಗನ್ನುಳಿಸಿ, ಸಗಣಿ ಕಲಸಿದ ನೀರನ್ನು ಹದವರಿತು ಹಾಕಿದರೆ ಹೂವು ಊಟದ ತಟ್ಟೆಯಷ್ಟು ಅಗಲಕ್ಕೆ ಬೆಳೆಯುವುದುಂಟು. ಆದರೆ ಟೊಳ್ಳಾದ ದಂಟು ಮಳೆನೀರು ತುಂಬಿದ ಆ ಭಾರವನ್ನು ತಾಳಲಾರದು, ಕಟ್ಟಿದ ಕೋಲಿಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ಮುರಿದಿರುತ್ತದೆ. ಹೂವಿನ ಕಾಲದಲ್ಲಿ ಗೆಡ್ಡೆಯನ್ನು ಕೀಳಲು ಹೇಳುವುದು ಅನುಚಿತ. ಬೇಕೆಂದು ಹೇಳಿಟ್ಟು, ಗಿಡ ಒಣಗಿದ ಮೇಲೆ ಹೋಗಿ ತರುವುದು ಮರ್ಯಾದೆ. ತರುವಾಗಲೂ ಎಚ್ಚರ ಬೇಕು: ಮೊಳೆಯುವ ಕಣ್ಣು ಹಳೆಯ ದಂಟು ಕೂಡುವ ಕತ್ತಿನಲ್ಲಿರುವುದೇ ಹೊರತು, ಆಲೂಗೆಡ್ಡೆಯಲ್ಲಿರುವಂತೆ ಮೈಮೇಲೆಲ್ಲ ಇರುವುದಿಲ್ಲ. ಕೊಡುವ ಮನಸ್ಸಿಲ್ಲದವರು ಕಣ್ಣಿಲ್ಲದ ತುಂಡನ್ನೇ ನಗುನಗುತ್ತ ಮುರಿದು ಕೊಡುವರೆಂಬ ಅಪವಾದವೊಂದಿದೆ. ಅದರಲ್ಲಿ ಅರ್ಧ ಅಜ್ಞಾನವೆಂದು ತಿಳಿಯುವುದು ಬಾಂಧವ್ಯಕ್ಕೆ ಕ್ಷೇಮಕರ.

ಈಗ ಹೂವು ಅರಳಿದ ಗಳಿಗೆಯಲ್ಲಿಯೇ ಅದರ ಚಿತ್ರ ಮೊಬೈಲಿನಲ್ಲಿ ಊರೂರು ಸುತ್ತಿ ಬರುತ್ತದೆ. ಇದರಿಂದ ಕೇಳುವವರು ಹೆಚ್ಚಿದ್ದಾರೆಂಬುದು ಒಳ್ಳೆಯದೇ. ಆದರೆ ಚಿತ್ರದಲ್ಲಿ ಬುಡದ ಮಣ್ಣಾಗಲಿ, ನೆರಳಿನ ಪ್ರಮಾಣವಾಗಲಿ, ಎಲೆಯ ಹಿಂದಿನ ಹುಳುವಾಗಲಿ ಕಾಣದು. ಶಿರಸಿಯ ‘ವನಸ್ತ್ರೀ’ ಸಂಘಟನೆಯ ಮಹಿಳೆಯರು ಮಳೆಗಾಲದ ಆರಂಭದಲ್ಲಿ ನಡೆಸುತ್ತ ಬಂದಿರುವ ಮಲೆನಾಡ ಮೇಳದಲ್ಲಿ ಕೈತೋಟದ ಬೀಜ, ಗೆಡ್ಡೆ, ಗಿಡಗಳು ಕೈಯಿಂದ ಕೈಗೆ ದಾಟುವುವು, ಅವುಗಳ ಜತೆಗೆ ಬೆಳೆಸಿದವರ ಮಾತೂ ದಾಟುವುದು. ಚಿತ್ರಕ್ಕಿಂತ ಇದು ಮೇಲೆಂದು ಹೇಳಲು ನನಗೆ ಸಂಕೋಚವಿಲ್ಲ.

ಶ್ರಾವಣದಲ್ಲಿ ಆ ಕಡೆ ಪ್ರಯಾಣ ಮಾಡುವ ಓದುಗರು ಹೂವನ್ನು ನೋಡಿ, ಬೇಕಾದುದನ್ನು ಆಗಲೇ ಹೇಳಿಟ್ಟು ಬರಲಿ. ಮುಂದೆ ಗೆಡ್ಡೆಗೆಂದು ಮತ್ತೆ ಹೋಗುವಾಗ ತಮ್ಮ ಹಿತ್ತಿಲಿನದೂ ಒಂದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಲಿ.