ಭಕ್ಷೀಸು ಬೇಡ, ಸಂಬಳ ಹೇಳಿ

ಕಳೆದ ಮಳೆಗಾಲದ ಎರಡನೇ ಮದ್ದಿನ ದಿನ. ಸಂಜೆ ಪಂಪು ತೊಳೆದಿಟ್ಟಾಯಿತು. ಸಂಬಳ ಎಣಿಸಿ ಕೊಟ್ಟ ಮೇಲೆ ಎಂದಿನಂತೆ 200 ರೂಪಾಯಿ ಬೇರೆ ತೆಗೆದು "ಇದು ಚಾ ಖರ್ಚಿಗೆ" ಅಂದೆ. ಹದಿನೈದು ವರ್ಷದಿಂದ ನಮ್ಮಲ್ಲಿ ಮದ್ದು ಬಿಡುವವರು, ನೋಟು ಮುಟ್ಟಲಿಲ್ಲ.

"ಅಣ್ಣೇರೆ, ಇದನ್ನು ಸಂಬಳಕ್ಕೇ ಸೇರಿಸಿ ಬಿಡಿ. ಅಡಿಕೆಗೆ ರೇಟಿದ್ದ ವರ್ಷ ಕೊಡ್ತೀರಿ, ಇಲ್ಲದ ವರ್ಷ ಮರೀತೀರಿ. ಮರ ಎರಡೂ ವರ್ಷ ಅಷ್ಟೇ ಎತ್ತರ ಅಲ್ವಾ?"

ನನಗೆ ಪಿಚ್ಚೆನಿಸಿತು. ರಾತ್ರಿ ಹಳೆ ಲೆಕ್ಕದ ಪುಸ್ತಕ ಬಿಡಿಸಿದೆ. ಮೂರು ವರ್ಷದಿಂದ ಸಂಬಳ ಇದ್ದಲ್ಲೇ ಇದೆ. ಏರಿ ಇಳಿದದ್ದು ಭಕ್ಷೀಸು, ಅದೂ ನನ್ನ ಮನಸ್ಸು ಬಂದ ಹಾಗೆ.

100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ - ಇಷ್ಟನ್ನು ನಾವು ನೆಲದಲ್ಲಿ ನಿಂತು ಮಾಡುತ್ತೇವೆ. ಪಾಚಿ ಹಿಡಿದ ಮರಕ್ಕೆ ತಳೆ ಹಾಕಿ ಏರುವುದು, ಒಂದು ಕೈಯಲ್ಲಿ ಗನ್ನು ಹಿಡಿದು ಸುತ್ತಲಿನ ಗೊನೆಗಳಿಗೆ ಬಿಡುವುದು, ಮರ ಬಗ್ಗಿಸಿ ಪಕ್ಕದ ಮರಕ್ಕೆ ದಾಟುವುದು ಅವರು. ಮದ್ದೆಲ್ಲ ಮೈಮೇಲೆ. 40-45 ದಿನಕ್ಕೆ ಇನ್ನೊಮ್ಮೆ ಬಿಡದೆ ಮಳೆ ಹಿಡಿದುಕೊಂಡರೆ ಮಹಾಳಿ ಬಂದು ಗೊನೆ ಗೊನೆಯೇ ಖಾಲಿ. ಮಧ್ಯಾಹ್ನ ಮಳೆ ಬಂದರೆ ಮಾತ್ರ ನಾವು ಅರ್ಧ ಸಂಬಳದ ಲೆಕ್ಕ ಹಾಕುತ್ತೇವೆ! (ದೋಟಿ ಬಂದಿದೆ, ನಿಜ. ನಮ್ಮ ಇಳಿಜಾರಿನ ಹಳೆ ತೋಟದಲ್ಲಿ ಈಗಲೂ ಏರುವವರೇ ಬೇಕು.)

ಈ ಸಲ ಮೇ ತಿಂಗಳಲ್ಲೇ ಕೂತು ಮಾತಾಡಿದೆವು. ಭಕ್ಷೀಸು ಸಂಬಳದೊಳಗೆ ಹೋಯಿತು. ಮರ ಏರಿದ ಮೇಲೆ ಮಳೆ ಬಂದರೆ ಪೂರ್ತಿ ದಿನದ ಸಂಬಳ. "ಬಿದ್ದರೆ?" ಎಂದು ಅವರೇ ಕೇಳಿದರು. ಪ್ರಧಾನಮಂತ್ರಿ ಸುರಕ್ಷಾ ಬಿಮಾ 2015ರಿಂದ ಇದೆ. ಮೊದಲು ವರ್ಷಕ್ಕೆ 12 ರೂಪಾಯಿ ಇತ್ತು, 2022ರಿಂದ 20. ಅಪಘಾತದಲ್ಲಿ ಜೀವ ಹೋದರೆ ಅಥವಾ ಪೂರ್ತಿ ಅಂಗವಿಕಲರಾದರೆ 2 ಲಕ್ಷ. ಬ್ಯಾಂಕಿಗೆ ಕರೆದುಕೊಂಡು ಹೋಗಿ ಮಾಡಿಸಿದೆ. ಆದರೆ ಕಾಲು ಮುರಿದು ಆಸ್ಪತ್ರೆಯಲ್ಲಿ ಮಲಗಿದರೆ ಅದರಲ್ಲಿ ಬಿಲ್ಲು ಸಿಗುವುದಿಲ್ಲ. ಅದಕ್ಕೆ ಬೇರೆ ಪಾಲಿಸಿ ಮಾಡಿಸಿ, ಅವರು ಹೋಗುವ ಮೂರು ಮನೆಯವರು ಪ್ರೀಮಿಯಂ ಹಂಚಿಕೊಂಡೆವು. ನಾಲ್ಕನೆಯವರು "ನೀವು ರೇಟು ಹಾಳು ಮಾಡ್ತೀರಿ ಮಾರಾಯ್ರೆ" ಎಂದು ಇನ್ನೂ ಮುನಿಸಿಕೊಂಡಿದ್ದಾರೆ.

ಮೊದಲ ಮದ್ದು ಹೇಳಿದ ದಿನವೇ ಮುಗಿಯಿತು. ಹೊರಡುವಾಗ ಮನೆಯವಳು ಒಂದು ಹಲಸಿನ ಹಣ್ಣು ಕೊಟ್ಟಳು. ಅದನ್ನು ಬೇಡ ಅನ್ನಲಿಲ್ಲ.