ಟ್ಯಾಂಕಿನ ನೀರು ಬಿಟ್ಟಿರಾ?

ಹೊಸೂರಿನ ಹೆದ್ದಾರಿ ಬದಿಯ ಪಂಚರ್ ಅಂಗಡಿ ನೋಡಿದ್ದೀರಲ್ಲ? ಹುಡುಗ ಗಾಳಿ ಗನ್ ಹಿಡಿಯುತ್ತಾನೆ. 'ಟರ್ರ್' ಅಂತ ಸದ್ದು. ಲಾರಿ ಚಕ್ರದ ನಟ್ಟು ಬಿಚ್ಚಿ ಬರುತ್ತದೆ. ಗನ್ ಇಲ್ಲದಿದ್ದರೆ ಉದ್ದ ರಾಡು ಹಾಕಿ, ಅದರ ಮೇಲೆ ಹತ್ತಿ ತುಳಿಯಬೇಕು!

ಈ ಬಲ ಗಾಳಿಯದು. ಮೂಲೆಯ ಕಂಪ್ರೆಸರ್ ಗಾಳಿಯನ್ನು ಒತ್ತಿ ಟ್ಯಾಂಕಿಗೆ ತುಂಬುತ್ತದೆ. ಆದರೆ ಗಾಳಿಯ ಜೊತೆ ನೀರೂ ಬರುತ್ತದೆ. ಅದು ಹೇಗೆ ಅಂತೀರಾ? ಗಾಳಿಯಲ್ಲಿ ಯಾವಾಗಲೂ ನೀರಿನ ಪಸೆ ಇರುತ್ತದೆ. ಒತ್ತಿದಾಗ ಗಾಳಿ ಬಿಸಿಯಾಗುತ್ತದೆ. ಟ್ಯಾಂಕಿನಲ್ಲಿ ಅದು ಆರಿದಾಗ ಪಸೆ ನೀರಾಗಿ ತಳದಲ್ಲಿ ನಿಲ್ಲುತ್ತದೆ. ತಣ್ಣೀರಿನ ಚೊಂಬಿನ ಹೊರಗೆ ಹನಿ ಕೂರುವುದಿಲ್ಲವೇ? ಹಾಗೇ ಇದು. ಮಳೆಗಾಲದಲ್ಲಿ ಇನ್ನೂ ಜಾಸ್ತಿ.

ನಿಂತ ನೀರು ಟ್ಯಾಂಕನ್ನು ಒಳಗಿನಿಂದ ತುಕ್ಕು ಹಿಡಿಸುತ್ತದೆ. ಹೊರಗೆ ಬಣ್ಣ ಚೆನ್ನಾಗಿಯೇ ಇರುತ್ತದೆ. ಒಳಗೆ ತಗಡು ತೆಳ್ಳಗಾಗುತ್ತಾ ಹೋಗುತ್ತದೆ. ಒಂದು ದಿನ ಒತ್ತಡ ತಡೆಯದೆ ಟ್ಯಾಂಕು ಸಿಡಿಯಬಹುದು. ಪಕ್ಕದಲ್ಲಿ ಇದ್ದವರ ಜೀವ ಹೋಗಬಹುದು.

ಇದಕ್ಕೆ ಖರ್ಚಿಲ್ಲದ ಉಪಾಯ ಇದೆ. ಟ್ಯಾಂಕಿನ ತಳದಲ್ಲಿ ಒಂದು ಸಣ್ಣ ನಲ್ಲಿ ಇದೆ. ಸಂಜೆ ಕೆಲಸ ಮುಗಿದ ಮೇಲೆ ಮೋಟಾರ್ ಆರಿಸಿ. ಮುಳ್ಳು ಕೆಳಗೆ ಇಳಿಯುವಷ್ಟು ಗಾಳಿ ಬಿಡಿ. ಮುಖ ಪಕ್ಕಕ್ಕೆ ಇಟ್ಟುಕೊಂಡು ನಲ್ಲಿಯನ್ನು ಮೆಲ್ಲಗೆ ತಿರುಗಿಸಿ. ಕೆಂಪು ನೀರು ಬರುತ್ತದೆ. ಆ ಕೆಂಪು ನಿಮ್ಮ ಟ್ಯಾಂಕಿನ ಕಬ್ಬಿಣವೇ! ನೀರು ನಿಂತು ಬರೀ ಗಾಳಿ ಬಂದಾಗ ಮುಚ್ಚಿ. ಎರಡು ನಿಮಿಷದ ಕೆಲಸ. ಆದರೂ ನಮ್ಮಲ್ಲಿ ಎಷ್ಟೋ ಜನ ಇದನ್ನು ಮರೆಯುತ್ತಾರೆ.

ಟ್ಯಾಂಕು ಸೋರಿದರೆ ವೆಲ್ಡಿಂಗ್ ತೇಪೆ ಹಾಕಿಸಬೇಡಿ. ತೇಪೆಯ ಪಕ್ಕದ ತಗಡೂ ತೆಳ್ಳಗಾಗಿರುತ್ತದೆ. ಅಂಥ ಟ್ಯಾಂಕನ್ನು ಬದಲಿಸಿ.

ಟ್ಯಾಂಕಿನ ಮೇಲೆ ಸೇಫ್ಟಿ ವಾಲ್ವ್ ಇದೆ. ಒತ್ತಡ ಮಿತಿ ಮೀರಿದರೆ ಅದು ತಾನೇ ತೆರೆದು ಗಾಳಿ ಬಿಡುತ್ತದೆ. 'ಗಾಳಿ ದಂಡ ಆಗ್ತಿದೆ' ಅಂತ ಕೆಲವರು ಅದನ್ನು ಬಿಗಿದು ಮುಚ್ಚುತ್ತಾರೆ. ಖಂಡಿತ ಬೇಡ. ಮೇಲಿಂದ ಮೇಲೆ ಅದು ತೆರೆಯುತ್ತಿದ್ದರೆ ಮೆಕ್ಯಾನಿಕ್‌ಗೆ ತೋರಿಸಿ.

ಇನ್ನು ಗನ್. ಪೈಪ್ ಸಿಕ್ಕಿಸುವ ತೂತಿಗೆ ದಿನಕ್ಕೆ ನಾಲ್ಕಾರು ಹನಿ ಗನ್ ಎಣ್ಣೆ ಬಿಡಿ. ಹೆಚ್ಚಿನ ಗನ್ನುಗಳಿಗೆ 90 ಪೌಂಡ್ ಗಾಳಿ ಸಾಕು. ಗನ್ನಿನ ಮುಂದಿನ ಬಾಕ್ಸ್ ಬದಲಿಸುವಾಗ ಪೈಪ್ ಕಳಚಿ. ಬೆರಳು ತಪ್ಪಿ ಗುಂಡಿ ಒತ್ತಿದರೂ ಅದು ತಿರುಗುವುದಿಲ್ಲ.

ಇನ್ನೊಂದು ಮಾತು. ಮೈಮೇಲಿನ ಧೂಳು ಹೊಡೆಯಲು ಈ ಗಾಳಿ ಹಿಡಿಯಬೇಡಿ. ಕಣ್ಣು, ಕಿವಿ ಹೋಗುತ್ತವೆ. ತಮಾಷೆಗೆ ಹಿಂಬದಿಗೆ ಗಾಳಿ ಬಿಟ್ಟು, ಕರುಳು ಹರಿದು ಸತ್ತವರೂ ಇದ್ದಾರೆ. ಅಂಗಡಿಗೆ ಹೊಸ ಹುಡುಗ ಬಂದರೆ ಮೊದಲ ದಿನವೇ ಇದನ್ನು ಹೇಳಿ. ಆಮೇಲೆ ತಳದ ನಲ್ಲಿ ತೋರಿಸಿ.